ಇಷ್ಟು ಒಳ್ಳೆಯ ಬಂದರಿದ್ದೂ ಕಾರವಾರ ಏಕೆ ಬೆಳೆಯಲಿಲ್ಲ?

ಘಟ್ಟದ ಮೇಲಿನವ

ನಾನು ಹುಬ್ಬಳ್ಳಿಯವನು. ಲಾರಿ ಸಾಗಣೆಯ ವ್ಯವಹಾರದಲ್ಲಿರುವುದರಿಂದ ಮಂಗಳೂರು, ಕಾರವಾರ, ಮರ್ಮಗೋವಾ ಮೂರೂ ಬಂದರುಗಳ ಗೇಟಿನ ಮುಂದೆ ಸಾಕಷ್ಟು ಕಾದಿದ್ದೇನೆ. ಮಂಗಳೂರಿನವರು ಪಣಂಬೂರಿನಲ್ಲಿ ನೆಲ ಅಗೆದು ಬಂದರು ಮಾಡಿಕೊಳ್ಳಬೇಕಾಯಿತು. ಕಾರವಾರದಲ್ಲಿ ಗುಡ್ಡವೇ ಸಮುದ್ರದೊಳಕ್ಕೆ ಚಾಚಿ ನೈಋತ್ಯದ ಗಾಳಿಗೆ ಅಡ್ಡ ನಿಂತಿದೆ. ಎದುರಿಗೆ ಕೂರ್ಮಗಡ, ದೇವಗಡ ದ್ವೀಪಗಳು. ಪಕ್ಕದಲ್ಲೇ ಕಾಳಿ ನದಿ. ಮಳೆಗಾಲದಲ್ಲೂ ಹಡಗು ನಿಲ್ಲಿಸಬಹುದಾದ ಇಂಥ ಕೊಲ್ಲಿ ನಮ್ಮ ರಾಜ್ಯದಲ್ಲಿ ಇನ್ನೊಂದಿಲ್ಲ.

ಹೀಗಿದ್ದೂ ಊರು ಮಾತ್ರ ಜಿಲ್ಲಾಧಿಕಾರಿ ಕಚೇರಿ, ನ್ಯಾಯಾಲಯ, ಮೀನು ಮಾರುಕಟ್ಟೆ ಇಷ್ಟರ ಸುತ್ತಲೇ ಉಳಿದುಬಿಟ್ಟಿದೆ. ಸಂಜೆ ಏಳಾದರೆ ಅರ್ಧ ಊರು ಬಾಗಿಲು ಹಾಕಿರುತ್ತದೆ. ಕಾರಣವೇನು? ಇತಿಹಾಸ ಬಲ್ಲವರು ಹೇಳಬೇಕು. "ಅಲ್ಲಿಯ ಜನಕ್ಕೆ ಉಮೇದಿಲ್ಲ" ಎಂಬ ಉತ್ತರ ದಯವಿಟ್ಟು ಬೇಡ. ಅದನ್ನು ಕೇಳಿ ಕೇಳಿ ಸಾಕಾಗಿದೆ.

ಕಾಳಿ ಅಳಿವೆ

ಪ್ರಶ್ನೆ ನಮ್ಮೂರಿನದ್ದಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲನೆಯದಾಗಿ, ಈಗ ನೀವು ನೋಡುವ ಕಾರವಾರ ಪಟ್ಟಣ ಹಳೆಯದೇನೂ ಅಲ್ಲ. ಹಳೆಯ ವ್ಯಾಪಾರವೆಲ್ಲ ನದಿಯ ಮೇಲಿತ್ತು. ಅಳಿವೆಯ ಉತ್ತರಕ್ಕೆ ಚಿತ್ತಾಕುಲ, ಒಳಗೆ ಕಡವಾಡ. ಹಡಗು ನದಿಯ ಬಾಯಲ್ಲಿ ನಿಲ್ಲುತ್ತಿತ್ತು, ಸರಕು ದೋಣಿಯಲ್ಲಿ ಒಳಗೆ ಹೋಗುತ್ತಿತ್ತು. 1510ರಲ್ಲಿ ಗೋವಾ ಪೋರ್ತುಗೀಸರ ಕೈಗೆ ಹೋದ ಮೇಲೆ ಬಿಜಾಪುರದವರಿಗೆ ಈ ಭಾಗದ ಬೆಲೆ ಹೆಚ್ಚಾಯಿತು. ಪೋರ್ತುಗೀಸರಿಗೆ ಇದೇ ಕಣ್ಣುರಿಯಾಯಿತು.

1638ರಲ್ಲಿ ಇಂಗ್ಲಿಷರ ಕೋರ್ಟೀನ್ ಕಂಪನಿ ಇಲ್ಲಿ ಕೋಠಿ, ಅಂದರೆ ವ್ಯಾಪಾರದ ಮಳಿಗೆ, ತೆರೆಯಿತು, ಆಮೇಲೆ ಅದು ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಅವರಿಗೆ ಬೇಕಿದ್ದದ್ದು ಮೆಣಸು, ಏಲಕ್ಕಿ ಮತ್ತು ಹುಬ್ಬಳ್ಳಿ ಕಡೆಯಿಂದ ಇಳಿದು ಬರುತ್ತಿದ್ದ ಬಟ್ಟೆ. ಘಟ್ಟದ ಮೇಲಿನವರೇ, ನಿಮ್ಮೂರಿನ ನೇಕಾರರು ನೆಯ್ದ ಬಟ್ಟೆ ಲಂಡನ್ ಸೇರುತ್ತಿದ್ದದ್ದು ನಮ್ಮೂರಿನ ಮೂಲಕವೇ. ಶಿವಾಜಿ 1665ರಲ್ಲಿ ಬಂದಾಗ ಊರಿನ ವರ್ತಕರು ಕಪ್ಪ ಕೊಟ್ಟು ಕಳಿಸಿದರು, ಕೋಠಿಯವರೂ ತಮ್ಮ ಪಾಲು ಹಾಕಿದರು. 1684ರಲ್ಲಿ ಇಂಗ್ಲಿಷ್ ಹಡಗೊಂದರ ಖಲಾಸಿಗಳು ಹಸುವೊಂದನ್ನು ಕದ್ದು ಕೊಂದು, ಇಡೀ ಕೋಠಿಯೇ ಊರು ಬಿಡಬೇಕಾದ ಪರಿಸ್ಥಿತಿ ತಂದರು. 1697ರ ಸೆಪ್ಟೆಂಬರಿನಲ್ಲಿ ಕುಖ್ಯಾತ ಕ್ಯಾಪ್ಟನ್ ಕಿಡ್ ನೀರು, ಸೌದೆಗಾಗಿ ಇಲ್ಲಿ ಲಂಗರು ಹಾಕಿದ. ಅವನ ಹಡಗಿನಿಂದ ಕೆಲವರು ತಪ್ಪಿಸಿಕೊಂಡು ಕೋಠಿಗೆ ಬಂದು, ನಮ್ಮ ನಾಯಕ ಕಡಲ್ಗಳ್ಳತನಕ್ಕೆ ಹೊರಟಿದ್ದಾನೆ ಎಂದು ಬಾಯಿಬಿಟ್ಟರು.

ಇಷ್ಟೆಲ್ಲ ನಡೆದರೂ ಕೋಠಿ ಒಂದೇ ಸಮನೆ ನಡೆಯಲಿಲ್ಲ. ಮುಚ್ಚುವುದು, ಮತ್ತೆ ತೆರೆಯುವುದು. ಬಿಜಾಪುರ, ಮರಾಠರು, ಸೋದೆ ಅರಸರು, ಮೊಗಲರು ಎಂದು ಆಳುವವರು ಬದಲಾಗುತ್ತಲೇ ಇದ್ದರು. ಕಾಳಿಯ ಉತ್ತರ ದಂಡೆಯ ಸದಾಶಿವಗಡದ ಕೋಟೆ ಸೋದೆಯವರದ್ದು. 1752ರಲ್ಲಿ ಪೋರ್ತುಗೀಸರು ಅದನ್ನು ಹಿಡಿದು, ಇಲ್ಲಿಯ ವ್ಯಾಪಾರವೆಲ್ಲ ತಮ್ಮದೇ ಎಂದಾಗ ಇಂಗ್ಲಿಷರು ಗಂಟುಮೂಟೆ ಕಟ್ಟಿದರು. ಕಂಪನಿಗೆ ಅಷ್ಟು ಹೊತ್ತಿಗೆ ಮುಂಬೈ ಇತ್ತು, ತಲಚೇರಿ ಇತ್ತು. ಕಾರವಾರವಿಲ್ಲದಿದ್ದರೂ ನಡೆಯುತ್ತಿತ್ತು.

ಪಣಂಬೂರು

ಕಿಡ್, ಶಿವಾಜಿ ಎಲ್ಲ ಓದಲು ಚೆನ್ನಾಗಿದೆ. ಆದರೆ ಬಂದರು ಬೆಳೆಯುವುದು ಕೊಲ್ಲಿಯ ಚೆಂದ ನೋಡಿ ಅಲ್ಲ, ಬೆನ್ನ ಹಿಂದಿನ ಸೀಮೆ ನೋಡಿ. ಕಾರವಾರದ ಬೆನ್ನಿಗೆ ಏನಿದೆ? ಎರಡು ಗುಡ್ಡ ದಾಟಿದರೆ ಕಾಡು, ಕಾಡು ದಾಟಿದರೆ ಘಟ್ಟ. ಸರಕು ಇರುವುದು ಬಯಲುಸೀಮೆಯಲ್ಲಿ. ಅಲ್ಲಿಂದ ಇಲ್ಲಿಗೆ ಇಳಿಸಲು ಅಗ್ಗದ ದಾರಿ ಇಲ್ಲದಿದ್ದರೆ ಏಳು ಮಾರು ಆಳದ ನೀರಿದ್ದು ಪ್ರಯೋಜನವೇನು?

ಹಳೆ ನಕ್ಷೆ

ಪಣಂಬೂರು ಅವರು ಸರಿಯಾದ ಜಾಗಕ್ಕೆ ಕೈ ಇಟ್ಟಿದ್ದಾರೆ. ಇಡೀ ಕಥೆ ಘಟ್ಟದ ದಾರಿಯದ್ದೇ. ನನ್ನ ಕೆಲಸದ ಜೀವನವೆಲ್ಲ ಭೂಮಾಪನದಲ್ಲಿ ಕಳೆಯಿತು, ಹಾಗಾಗಿ ಈ ದಾರಿಗಳ ವಿಷಯ ಬಂದರೆ ನಾನು ಬೇಗ ನಿಲ್ಲಿಸುವವನಲ್ಲ. ಸಹಿಸಿಕೊಳ್ಳಿ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಪೂರ್ತಿ ಇಂಗ್ಲಿಷರದ್ದಾಯಿತು, ಮದ್ರಾಸಿನ ಆಡಳಿತಕ್ಕೆ ಸೇರಿತು. ಆಗ ಧಾರವಾಡ ಸೀಮೆಯ ಹತ್ತಿ ಇಳಿಯುತ್ತಿದ್ದದ್ದು ಕುಮಟಾಕ್ಕೆ. ಎತ್ತಿನ ಮೇಲೆ ಹೇರಿ ಘಟ್ಟ ಇಳಿಸಿ, ಅಲ್ಲಿಂದ ಮಚವೆಗಳಲ್ಲಿ ಮುಂಬೈಗೆ. ಹತ್ತಿ ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದನ್ನು ಕರೆಯುತ್ತಿದ್ದದ್ದು "ಕುಮಟಾ ಹತ್ತಿ" ಎಂದು. ದಾರಿಯಲ್ಲಿ ಧೂಳು, ಮಳೆ, ಕಳ್ಳತನ, ತೂಕ ಹೆಚ್ಚಿಸಲು ಬೆರೆಸಿದ ಕಸ, ಎಲ್ಲ ಸೇರಿ ಲಿವರ್‌ಪೂಲ್ ತಲುಪುವಷ್ಟರಲ್ಲಿ ಆ ಹತ್ತಿಯ ಹೆಸರು ಕೆಟ್ಟಿರುತ್ತಿತ್ತು. ಕುಮಟಾ ಬೇರೆ ಬಯಲು ಕಡಲು. ಮಳೆಗಾಲದಲ್ಲಿ ಹಡಗು ಹತ್ತಿರ ಸುಳಿಯುವಂತಿರಲಿಲ್ಲ.

ಮ್ಯಾಂಚೆಸ್ಟರಿನ ಗಿರಣಿ ಮಾಲೀಕರಿಗೆ ಅಮೆರಿಕದ ಹತ್ತಿಯನ್ನೇ ನಂಬಿ ಕೂರುವ ಭಯ ಮೊದಲೇ ಇತ್ತು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಆರಂಭವಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದಾಗ ಆ ಭಯ ನಿಜವಾಯಿತು. ಧಾರವಾಡದ ಹತ್ತಿಯನ್ನು ನೇರವಾಗಿ ಹಡಗಿಗೆ ಏರಿಸಬೇಕು, ಅದಕ್ಕೆ ಮಳೆಗಾಲದಲ್ಲೂ ನಿಲ್ಲುವ ಬಂದರು ಬೇಕು. ಭೂಪಟದಲ್ಲಿ ಅವರ ಬೆರಳು ನಿಂತದ್ದು ಕಾರವಾರ ಕೊಲ್ಲಿಯ ಮೇಲೆ. ಆಗಿನ ಕಾಗದಪತ್ರಗಳಲ್ಲಿ ಇದು ಸದಾಶಿವಗಡ ಬಂದರು.

ಆದರೆ ಹತ್ತಿ ಬೆಳೆಯುವ ಧಾರವಾಡ ಮುಂಬೈ ಆಡಳಿತದಲ್ಲಿ, ಬಂದರು ಮದ್ರಾಸಿನ ಆಡಳಿತದಲ್ಲಿ. ಮದ್ರಾಸಿನವರಿಗೆ ಮುಂಬೈಯ ಹತ್ತಿಗಾಗಿ ತಮ್ಮ ದುಡ್ಡಿನಲ್ಲಿ ಘಟ್ಟದ ರಸ್ತೆ ಕಡಿಯುವ ಉಮೇದು ಎಲ್ಲಿಂದ ಬರಬೇಕು? ಮ್ಯಾಂಚೆಸ್ಟರಿನವರು ಲಂಡನ್ನಿನಲ್ಲಿ ಗಲಾಟೆ ಎಬ್ಬಿಸಿದರು. ಕೆನರಾ ಎರಡಾಯಿತು, 1862ರಲ್ಲಿ ಉತ್ತರದ ಭಾಗ ಮುಂಬೈಗೆ ಸೇರಿತು. ಜಿಲ್ಲಾ ಕೇಂದ್ರ ಹೊನ್ನಾವರದಿಂದ ಕಾರವಾರಕ್ಕೆ ಬಂತು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ಈಗ ನೀವು ನೋಡುವ ಕಾರವಾರ ಪಟ್ಟಣ ಹುಟ್ಟಿದ್ದು ಆಗ, ಮ್ಯಾಂಚೆಸ್ಟರಿನವರ ಒಂದು ಹತ್ತಿ ಕಂಪನಿಯ ಅವಸರದಿಂದ.

ಕಂಪನಿ ಕಳಿಸಿದ ಯಂತ್ರಗಳು ಬಂದಿಳಿಯುವ ಹೊತ್ತಿಗೆ ಧಕ್ಕೆಯೂ ಇರಲಿಲ್ಲ, ಗಾಡಿ ಓಡುವಂಥ ರಸ್ತೆಯೂ ಮುಗಿದಿರಲಿಲ್ಲ. ರಸ್ತೆ ಒಂದು ಹದಕ್ಕೆ ಬರುವಷ್ಟರಲ್ಲಿ 1865 ಬಂತು, ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಕಂಪನಿ ಅಂಗಡಿ ಮುಚ್ಚಿತು. ಊರಿಗೆ ಉಳಿದದ್ದು ಕಲೆಕ್ಟರ್ ಕಚೇರಿ.

ನನಗೆ ಇದರಲ್ಲಿ ಸಿಟ್ಟು ತರಿಸುವ ವಿಷಯ ಬೇರೆಯೇ ಇದೆ. ಹತ್ತಿ ಹೋಯಿತು, ಗಡಿ ಉಳಿಯಿತು. ಒಂದೇ ಕರಾವಳಿ 1862ರಿಂದ 1956ರವರೆಗೆ ಎರಡು ಪ್ರಾಂತ್ಯವಾಗಿತ್ತು. ಕುಂದಾಪುರದವರು ಕಾಲೇಜಿಗೆ ಮದ್ರಾಸಿನತ್ತ ನೋಡಿದರೆ, ಭಟ್ಕಳದವರು ಮುಂಬೈಯತ್ತ ನೋಡಿದರು. ಇವತ್ತಿಗೂ "ಕರಾವಳಿ ಅಭಿವೃದ್ಧಿ" ಎಂದು ಬೆಂಗಳೂರಿನಲ್ಲಿ ಮಾತಾಡುವಾಗ ಬೈಂದೂರಿನಾಚೆಗೆ ಯಾರ ದೃಷ್ಟಿಯೂ ಹೋಗುವುದಿಲ್ಲ. ಆ ಗೆರೆ ಎಳೆದವರು ಗಿರಣಿ ಮಾಲೀಕರು.

ಘಟ್ಟದ ಮೇಲಿನವ

ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಹಳೆಯ ಹತ್ತಿ ದಲಾಲರ ಮನೆಗಳಲ್ಲಿ ಕುಮಟಾದ ಹೆಸರು ಈಗಲೂ ಕೇಳಿಬರುತ್ತದೆ, ಕಾರವಾರದ್ದು ಕೇಳಿದ ನೆನಪಿಲ್ಲ. ಸರಿ, ಯುದ್ಧ ಮುಗಿಯಿತು. ಆದರೆ ಹತ್ತಿ ರಫ್ತು ನಿಲ್ಲಲಿಲ್ಲವಲ್ಲ? ರೈಲು ಬಂದಾಗಲಾದರೂ ಕಾರವಾರಕ್ಕೆ ಒಂದು ಹಳಿ ಹಾಕಬಹುದಿತ್ತು.

ಹಳೆ ನಕ್ಷೆ

ಹುಬ್ಬಳ್ಳಿ–ಕಾರವಾರ ರೈಲಿನ ಮಾತು ಆಗಲೇ ಎದ್ದಿತ್ತು. ಆದರೆ 1878ರಲ್ಲಿ ಇಂಗ್ಲೆಂಡಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಯಿತು. ಅದರ ಫಲವಾಗಿ ಮರ್ಮಗೋವಾ ಬಂದರಿನಿಂದ ಕ್ಯಾಸಲ್ ರಾಕ್ ಮೂಲಕ ಘಟ್ಟ ಹತ್ತುವ ರೈಲು ಸಿದ್ಧವಾಗಿ, 1888ರ ಹೊತ್ತಿಗೆ ಹುಬ್ಬಳ್ಳಿ ಕಡೆಯ ರೈಲಿಗೆ ಕೂಡಿಕೊಂಡಿತು. ಅಲ್ಲಿಗೆ ಕಾರವಾರದ ಕಥೆ ಮುಗಿದಂತೆಯೇ. ಪಕ್ಕದ ಬಂದರಿಗೆ ರೈಲು ಹೋಗುವಾಗ ಘಟ್ಟದಲ್ಲಿ ಎತ್ತಿನ ಗಾಡಿ ಇಳಿಸುವವರು ಯಾರು?

ಕಾರವಾರಕ್ಕೆ ರೈಲು ಬಂದದ್ದು ಕೊಂಕಣ ರೈಲ್ವೆಯಿಂದ, ಮಾರ್ಗ ಪೂರ್ತಿಯಾಗಿ ಉದ್ಘಾಟನೆಯಾದದ್ದು 1998ರಲ್ಲಿ. ಅಂದರೆ ನೂರ ಹತ್ತು ವರ್ಷ ತಡ. ಅದೂ ಉತ್ತರ ದಕ್ಷಿಣವಾಗಿ ಹಾದುಹೋಗುವ ಹಳಿ. ನಿಲ್ದಾಣ ಊರಿನಿಂದ ದೂರ, ಶಿರವಾಡದಲ್ಲಿ. ಬಂದರಿನ ಧಕ್ಕೆಗೆ ಇವತ್ತಿಗೂ ಹಳಿ ಇಲ್ಲ. ಘಟ್ಟ ಹತ್ತಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗ, ಸುಮಾರು 164 ಕಿಲೋಮೀಟರ್, 1990ರ ದಶಕದಲ್ಲಿ ಮಂಜೂರಾಗಿ ಅರಣ್ಯದ ಅನುಮತಿ, ನ್ಯಾಯಾಲಯ, ಮತ್ತೆ ಸಮೀಕ್ಷೆ ಎಂದು ಕಾಗದದ ಮೇಲೆಯೇ ಓಡುತ್ತಿದೆ.

ಮಾಜಾಳಿ ಗಡಿ

ನಡುವೆ ಒಂದು ಮಾತು. ಕಾರವಾರ ಎಂದರೆ ರವೀಂದ್ರನಾಥ ಠಾಗೋರರನ್ನು ಹೇಗೆ ಬಿಟ್ಟಿರಿ? ಅವರ ಅಣ್ಣ ಸತ್ಯೇಂದ್ರನಾಥ, ಐಸಿಎಸ್ ಆದ ಮೊದಲ ಭಾರತೀಯ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ, ಇಪ್ಪತ್ತರ ಆಸುಪಾಸಿನ ರವೀಂದ್ರರು ಬಂದು ಉಳಿದು ಇಲ್ಲಿಯೇ ನಾಟಕವೊಂದನ್ನು ಬರೆದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ನೆನಪುಗಳಲ್ಲಿ ಬರೆದಿದ್ದಾರೆ. ಕಡಲ ತೀರಕ್ಕೆ ಅವರ ಹೆಸರೇ ಇದೆ. ಅದೇ ತೀರದಲ್ಲಿ 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ ಐಎನ್‌ಎಸ್ ಚಪಲ್ ಹಡಗನ್ನೂ ವಸ್ತುಸಂಗ್ರಹಾಲಯ ಮಾಡಿ ಇಟ್ಟಿದ್ದಾರೆ. ಪ್ರವಾಸೋದ್ಯಮದಿಂದಲೇ ಊರು ಬೆಳೆಯಬಹುದು ಎಂದು ನನ್ನ ಅನಿಸಿಕೆ.

ಕಾಳಿ ಅಳಿವೆ

ಠಾಗೋರರ ವಿಷಯ ಸರಿ. ಚಪಲ್ ಮಾತ್ರ 1971ರಲ್ಲಿ ನಮ್ಮ ನೌಕಾಪಡೆಯಲ್ಲೇ ಇರಲಿಲ್ಲ. ಅದು ಸೇರ್ಪಡೆಯಾದದ್ದು 1976ರಲ್ಲಿ. ಕರಾಚಿಗೆ ಹೋದವು ಅದೇ ಜಾತಿಯ ಹಿಂದಿನ ತಂಡದ ಕ್ಷಿಪಣಿ ದೋಣಿಗಳು: ನಿಪಾತ್, ನಿರ್ಘಾತ್, ವೀರ್, ಆಮೇಲೆ ವಿನಾಶ್. ಪ್ರವಾಸಿಗರಿಗೆ ಹೇಳುವಾಗ ಎಲ್ಲ ಒಂದಾಗಿಬಿಟ್ಟಿದೆ.

ಯುದ್ಧದ ನೆನಪೇ ಬೇಕಿದ್ದರೆ ಅಂಜುದೀವ ದ್ವೀಪ ಕಣ್ಣೆದುರಿಗೇ ಇದೆ. 1505ರಲ್ಲಿ ಪೋರ್ತುಗೀಸರು ಅಲ್ಲಿ ಕೋಟೆ ಕಟ್ಟಲು ಹೊರಟಿದ್ದರು. 1661ರ ಮದುವೆ ಒಪ್ಪಂದದಂತೆ ವರದಕ್ಷಿಣೆಯಾಗಿ ಮುಂಬೈ ಇಂಗ್ಲೆಂಡಿನ ರಾಜನಿಗೆ ಬಂದಾಗ, ಅದನ್ನು ವಹಿಸಿಕೊಳ್ಳಲು ಬಂದ ಸೈನ್ಯಕ್ಕೆ ಪೋರ್ತುಗೀಸರು ಬಾಗಿಲು ತೆರೆಯಲಿಲ್ಲ. ಆ ಸೈನಿಕರು ಕಾದು ಕೂತದ್ದು ಇದೇ ಅಂಜುದೀವದಲ್ಲಿ. ಜ್ವರ, ಭೇದಿಯಿಂದ ಬಹುಪಾಲು ಜನ ಅಲ್ಲಿಯೇ ಸತ್ತರು, ಅವರ ಮುಖ್ಯಸ್ಥ ಅಬ್ರಹಾಂ ಶಿಪ್‌ಮನ್ ಕೂಡ. ಉಳಿದವರು 1665ರಲ್ಲಿ ಹೋಗಿ ಮುಂಬೈಯನ್ನು ವಶಕ್ಕೆ ಪಡೆದರು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ವೇಳೆ ಈ ದ್ವೀಪವನ್ನು ಬಿಡಿಸಿಕೊಳ್ಳಲು ಹೋದ ನಮ್ಮ ಏಳು ನಾವಿಕರು ಪ್ರಾಣ ಕೊಟ್ಟರು. ಆಡಳಿತದ ಲೆಕ್ಕದಲ್ಲಿ ಅಂಜುದೀವ ಈಗಲೂ ಗೋವಾದ್ದು. ನಮ್ಮ ದಂಡೆಯಿಂದ ಕೂಗಳತೆಯಲ್ಲಿದ್ದರೂ ನಾವು ಅಲ್ಲಿಗೆ ಕಾಲಿಡುವಂತಿಲ್ಲ, ಏಕೆಂದರೆ ನೌಕಾನೆಲೆಯ ಅಲೆ ತಡೆಗೋಡೆ ಅದನ್ನು ನೆಲಕ್ಕೆ ಜೋಡಿಸಿಕೊಂಡಿದೆ.

ಬೈತಖೋಲ

ಇಷ್ಟು ಹೊತ್ತು ಹತ್ತಿ, ಮೆಣಸು, ಕೋಟೆ. ಮೀನಿನ ಮಾತು ಯಾರೂ ಎತ್ತಲಿಲ್ಲ. ಕಾರವಾರ ಯಾವತ್ತಾದರೂ ತನ್ನ ಕಾಲ ಮೇಲೆ ನಿಂತಿದ್ದರೆ ಅದು ಮೀನಿನಿಂದ, ಅದರಲ್ಲೂ ರಂಪಣಿಯಿಂದ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಂಪಣಿ ಎಂದರೆ ಒಂದು ಬಲೆ, ಕಿಲೋಮೀಟರಿಗೂ ಉದ್ದ. ಒಬ್ಬ ಮಾಲೀಕನ ಕೈಲಾಗುವುದಲ್ಲ. ಹಲವು ಮನೆಯವರು ತಂತಮ್ಮ ತುಂಡು ನೇಯ್ದು ತಂದು ಜೋಡಿಸಬೇಕು. ನೀರಿನ ಬಣ್ಣ ನೋಡಿಯೇ ಬಂಗುಡೆಯ ಗುಂಪು ಯಾವ ಕಡೆ ತಿರುಗುತ್ತಿದೆ ಎಂದು ಹೇಳುವ ಹಿರಿಯರೊಬ್ಬರು ದಂಡೆಯ ಮೇಲೆ ನಿಂತು ಕೈ ಬೀಸಿದರೆ, ದೊಡ್ಡ ದೋಣಿ ಬಲೆ ಬಿಡುತ್ತಾ ಅರ್ಧಚಂದ್ರದ ಹಾಗೆ ಸುತ್ತಿ ಬರುತ್ತಿತ್ತು. ಎರಡು ತುದಿಯ ಹಗ್ಗಕ್ಕೆ ನಲವತ್ತು ನಲವತ್ತು ಜನ. ಹಿಮ್ಮಡಿ ಮರಳಿಗೆ ಒತ್ತಿ, ಹಿಂದಕ್ಕೆ ವಾಲಿ, ಒಂದೇ ಲಯದಲ್ಲಿ ಎಳೆಯಬೇಕು. ಬಲೆ ದಂಡೆಗೆ ಹತ್ತಿರವಾದಂತೆ ನೀರು ಬೆಳ್ಳಿಯಾಗಿ ಕುದಿಯುವುದು ಕಾಣುತ್ತಿತ್ತು. ಪಾಲು ಹಂಚುವಾಗ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದವರಿಗೆ ಇಷ್ಟು, ದೇವರಿಗೆ ಇಷ್ಟು. ವಿಧವೆಯೊಬ್ಬಳು ಹಗ್ಗ ಮುಟ್ಟಿದ್ದರೂ ಅವಳ ಬುಟ್ಟಿ ಬರಿದಾಗುತ್ತಿರಲಿಲ್ಲ. ಮೀನು ಹೆಚ್ಚಾದ ವರ್ಷ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು.

1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಗುಂಪು ದಂಡೆಗೆ ಬರುವ ಮೊದಲೇ ನಡುಗಡಲಿನಲ್ಲಿ ಸುತ್ತುಹಾಕಿ ಎತ್ತಿಬಿಡುತ್ತಿದ್ದವು. ಕೆಲವೇ ವರ್ಷಗಳಲ್ಲಿ ರಂಪಣಿ ನೆಲಕಚ್ಚಿತು. ಸಾಲ ಸಿಕ್ಕವನು ಬೋಟ್ ಮಾಲೀಕನಾದ, ಉಳಿದವರು ಅದೇ ಬೋಟಿಗೆ ಕೂಲಿಯಾದರು. ಇದನ್ನು ಅಭಿವೃದ್ಧಿ ಎಂದು ಲೆಕ್ಕ ಹಾಕಿದರೆ ಹಾಕಿ. ಸರಕು ಹೆಚ್ಚಾಯಿತು ನಿಜ, ಐಸ್ ಫ್ಯಾಕ್ಟರಿ ಬಂತು, ಕೇರಳಕ್ಕೆ, ಗೋವಾಕ್ಕೆ ಲಾರಿ ಹೊರಟಿತು. ಈಗಲೂ ಠಾಗೋರ್ ತೀರದಲ್ಲಿ ಅಪರೂಪಕ್ಕೆ ರಂಪಣಿ ಎಳೆಯುತ್ತಾರೆ, ಪ್ರವಾಸಿಗರು ಫೋಟೊ ತೆಗೆದುಕೊಳ್ಳುತ್ತಾರೆ.

ಕೊಲ್ಲಿ ಎಷ್ಟು ಒಳ್ಳೆಯದು ಎಂದು ಕೇಳಿದ್ದೀರಲ್ಲ, ಚಂಡಮಾರುತದ ಮುನ್ಸೂಚನೆ ಬಂದ ದಿನ ಬೈತಖೋಲಕ್ಕೆ ಬನ್ನಿ. ಮಲ್ಪೆಯ ಬೋಟು, ಗೋವಾದ ಬೋಟು, ತಮಿಳುನಾಡಿನ ಬೋಟು, ಎಲ್ಲ ನಮ್ಮ ಗುಡ್ಡದ ಮರೆಗೆ ಬಂದು ನಿಂತಿರುತ್ತವೆ. ಅಕ್ಕಿ, ನೀರು ನಾವೇ ಮುಟ್ಟಿಸುತ್ತೇವೆ.

ಪಣಂಬೂರು

ಬೈತಖೋಲ ಅವರ ಮಾತಿಗೆ ಎದುರು ಮಾತಿಲ್ಲ. ಆದರೂ ಪರ್ಸೀನ್ ಬಂದದ್ದು ಕರಾವಳಿಯ ಉದ್ದಕ್ಕೂ. ಮಲ್ಪೆ, ಮಂಗಳೂರು ಅದರಿಂದಲೇ ಬೆಳೆದವು.

ಬೈತಖೋಲ

ಬಂದರು ಬೆಳೆದದ್ದಕ್ಕೂ ಬೆಸ್ತ ಬೆಳೆದದ್ದಕ್ಕೂ ವ್ಯತ್ಯಾಸವಿದೆ ಸರ್.

ಅರಗಾದ ಹಳೇಮನೆ

ಅರಗಾ ಎಂಬ ಊರಿನ ಹೆಸರನ್ನು ಈಗ ನೌಕಾನೆಲೆಯ ಗೇಟಿನ ಹೆಸರಾಗಿ ಮಾತ್ರ ಬಲ್ಲವರಿಗಾಗಿ ಬರೆಯುತ್ತಿದ್ದೇನೆ.

1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಮುಂಬೈ ಬಂದರು ಕಿಕ್ಕಿರಿದಿದೆ, ಪಶ್ಚಿಮದಲ್ಲಿ ನೌಕಾಪಡೆಗೆ ತನ್ನದೇ ಆದ ನೆಲೆ ಬೇಕು, ಪಾಕಿಸ್ತಾನದಿಂದ ದೂರವಿರಬೇಕು, ನೀರು ಆಳವಿರಬೇಕು, ಹಿಂದೆ ಗುಡ್ಡವಿರಬೇಕು. ಇಂಗ್ಲಿಷರು ಯಾವ ಗುಣ ನೋಡಿ ಇಲ್ಲಿಗೆ ಬಂದರೋ ಅದೇ ಗುಣ. ಕಾರವಾರ ಮತ್ತು ಅಂಕೋಲಾ ತಾಲ್ಲೂಕಿನ ಹದಿಮೂರು ಹಳ್ಳಿಗಳ ಸಾವಿರಾರು ಕುಟುಂಬಗಳು ಎದ್ದವು. ಮೊದಲ ಹಂತ ಮುಗಿದು ಐಎನ್‌ಎಸ್ ಕದಂಬ ಕಾರ್ಯಾರಂಭವಾದದ್ದು 2005ರ ಮೇ 31ರಂದು. ಈಗ ವಿಮಾನವಾಹಕ ವಿಕ್ರಮಾದಿತ್ಯದ ಮನೆ ಇದೇ. ಹತ್ತು ಸಾವಿರ ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತಿ ನೆಲದ ಮೇಲೆ ಇಡುವ ಯಂತ್ರವಿದೆ. ಇದರಲ್ಲಿ ಹೆಮ್ಮೆ ಇಲ್ಲ ಎಂದರೆ ಸುಳ್ಳಾದೀತು.

ಆದರೆ ಲೆಕ್ಕ ಹೀಗಿದೆ. ನಮ್ಮ ಮನೆ ರಸ್ತೆಗೂ ಕಡಲಿಗೂ ನಡುವೆ ಇತ್ತು. ಹಿತ್ತಲಲ್ಲಿ ತೆಂಗು, ಅದರಾಚೆ ಶೇಂಗಾ ಹಾಕುವ ಮರಳು ಗದ್ದೆ, ಅದರಾಚೆ ದೋಣಿ ಕಟ್ಟುವ ಜಾಗ. ಪರಿಹಾರ ಕೊಡುವಾಗ ತೆಂಗಿನ ಮರ ಎಣಿಸಿದರು, ಕಡಲನ್ನು ಎಣಿಸಲಿಲ್ಲ. ಕಡಲು ಯಾರ ಪಹಣಿಯಲ್ಲೂ ಇರುವುದಿಲ್ಲವಲ್ಲ. ನಮ್ಮಪ್ಪನಂಥವರಿಗೆ ಆದಾಯದ ಮುಕ್ಕಾಲು ಬರುತ್ತಿದ್ದದ್ದು ಪಹಣಿಯಲ್ಲಿ ಇಲ್ಲದ ಆ ಜಾಗದಿಂದ. ಪುನರ್ವಸತಿ ಕಾಲೊನಿಯ ನಿವೇಶನದಿಂದ ನೀರಿಗೆ ಬಲೆ ಹೊತ್ತು ನಡೆಯುವಂತಿರಲಿಲ್ಲ. ಭೂಸ್ವಾಧೀನ ಕಾಯ್ದೆಯ 28-ಎ ಕಲಮಿನಡಿ ಹೆಚ್ಚುವರಿ ಪರಿಹಾರ ಕೇಳಿದ ಪ್ರಕರಣಗಳು ದಶಕಗಟ್ಟಲೆ ನಡೆದವು, ಅರ್ಜಿ ಹಾಕಿದವರು ತೀರಿಕೊಂಡು ಮಕ್ಕಳು ಸಹಿ ಮಾಡಿದ ಮನೆಗಳು ಎಷ್ಟೋ.

ಘಟ್ಟದ ಮೇಲಿನವರ ಪ್ರಶ್ನೆಗೆ ನನ್ನ ಉತ್ತರ: ಬಂದರು ಬೆಳೆದಿದೆ. ಕಾರವಾರದ ಅತ್ಯುತ್ತಮ ಬಂದರು ಗೋಡೆಯ ಆಚೆಗಿದೆ, ನಿಮ್ಮ ಲಾರಿಗೆ ಅಲ್ಲಿ ಪ್ರವೇಶವಿಲ್ಲ.

ಘಟ್ಟದ ಮೇಲಿನವ

ಇದಕ್ಕೆ ಏನು ಹೇಳಬೇಕೋ ತೋಚುತ್ತಿಲ್ಲ. ಒಂದು ಕೇಳಲೇ? ನೆಲೆಯಿಂದ ಊರಿಗೆ ಉದ್ಯೋಗ ಬರಲಿಲ್ಲವೇ?

ಅರಗಾದ ಹಳೇಮನೆ

ಬಂತು. ಗುತ್ತಿಗೆ ಕೆಲಸ, ಕ್ಯಾಂಟೀನು, ತೋಟಗಾರಿಕೆ, ಬಾಡಿಗೆ ಮನೆ, ಟ್ಯಾಕ್ಸಿ. ಖಾಯಂ ನೌಕರಿ ಸಿಕ್ಕವರೂ ಇದ್ದಾರೆ. ಎದ್ದ ಮನೆಗಳ ಲೆಕ್ಕಕ್ಕೆ ಸಾಲದು, ಅಷ್ಟೇ. ಅಣುವಿದ್ಯುತ್ ಸ್ಥಾವರವಿರುವ ಕೈಗಾದಲ್ಲೂ ಇದೇ ಕಥೆ ಕೇಳಬಹುದು. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ, ಮೊದಲನೆಯ ಘಟಕ 2018ರ ಕೊನೆಗೆ ಸತತ 962 ದಿನ ಓಡಿ ವಿಶ್ವದಾಖಲೆ ಮಾಡಿತು. ಕಾರವಾರದಲ್ಲಿ ಮಳೆ ಶುರುವಾದ ದಿನ ಕರೆಂಟು ಹೋಗುವುದರಲ್ಲಿ ಏನೂ ಬದಲಾವಣೆ ಇಲ್ಲ.

ಪಣಂಬೂರು

ಅದಿರಿನ ಕಾಲವನ್ನು ಎಲ್ಲರೂ ಜಾಣತನದಿಂದ ಬಿಟ್ಟಿದ್ದೀರಿ, ನಾನೇ ಹೇಳುತ್ತೇನೆ. 2000ದ ದಶಕದಲ್ಲಿ ಚೀನಾದ ಬೇಡಿಕೆ ಏರಿದಾಗ ಬಳ್ಳಾರಿ, ಹೊಸಪೇಟೆಯ ಕಬ್ಬಿಣದ ಅದಿರು ಅರಬೈಲ್ ಘಟ್ಟ ಇಳಿದು ಕಾರವಾರಕ್ಕೂ ಅಂಕೋಲಾದ ಬೇಲೆಕೇರಿಗೂ ಬಂತು. ರೈಲಿಲ್ಲ, ಎಲ್ಲವೂ ಲಾರಿಯಲ್ಲಿ. ಘಟ್ಟದಲ್ಲಿ ಕಿಲೋಮೀಟರ್‌ಗಟ್ಟಲೆ ಲಾರಿ ಸಾಲು, ಹೆದ್ದಾರಿಯ ಬದಿಯ ಮರದ ಎಲೆಗಳೆಲ್ಲ ಕೆಂಪು. ಕಾರವಾರ ಬಂದರಿನ ಇತಿಹಾಸದಲ್ಲೇ ಅಷ್ಟು ಸರಕು ಎಂದೂ ಬಂದಿರಲಿಲ್ಲ.

ಮುಗಿದದ್ದು ಹೇಗೆ ಎಂದು ನಿಮಗೆ ಗೊತ್ತು. 2010ರಲ್ಲಿ ಬೇಲೆಕೇರಿಯಲ್ಲಿ ಜಪ್ತಿ ಮಾಡಿ ಇಟ್ಟಿದ್ದ ಅದಿರಿನಲ್ಲೇ ಲಕ್ಷಗಟ್ಟಲೆ ಟನ್ ಮಾಯವಾಯಿತು. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ತನಿಖೆ, ಅದೇ ವರ್ಷ ಜುಲೈಯಲ್ಲಿ ರಾಜ್ಯ ಸರ್ಕಾರದ ರಫ್ತು ನಿಷೇಧ, 2011ರಲ್ಲಿ ಸುಪ್ರೀಂ ಕೋರ್ಟಿನ ಗಣಿ ನಿಷೇಧ. ಬಂದರು ರಾತ್ರೋರಾತ್ರಿ ಖಾಲಿ. 2022ರಲ್ಲಿ ಕೋರ್ಟು ರಫ್ತಿಗೆ ಮತ್ತೆ ಅವಕಾಶ ಕೊಟ್ಟಿತು, ಆದರೆ ಆ ಕಾಲ ಮರಳಲಿಲ್ಲ. ಈಗ ಬರುವುದು ಮುಖ್ಯವಾಗಿ ಡಾಂಬರು, ಎಣ್ಣೆ. ಹೋಗುವುದು ಕಾಕಂಬಿ.

ಘಟ್ಟದ ಮೇಲಿನವ

ಆ ಸಾಲಿನಲ್ಲಿ ನಮ್ಮ ಲಾರಿಗಳೂ ಇದ್ದವು. ಒಂದು ಟ್ರಿಪ್ಪಿಗೆ ಸಿಗುತ್ತಿದ್ದ ಬಾಡಿಗೆ ನೋಡಿ ನಮ್ಮ ಕಡೆ ಹೊಲ ಮಾರಿ ಲಾರಿ ಕೊಂಡವರಿದ್ದರು. ನಿಷೇಧ ಬಂದ ಮೇಲೆ ಅಂಥ ಎಷ್ಟೋ ಲಾರಿಗಳು ಸಾಲದ ಕಂಪನಿಗಳ ಅಂಗಳದಲ್ಲಿ ತುಕ್ಕು ಹಿಡಿದವು.

ಕಾಳಿ ಅಳಿವೆ

ಹಾಗಾದರೆ ನೋಡಿ. ಹತ್ತಿಯ ಬೆಲೆ ಲಿವರ್‌ಪೂಲಿನಲ್ಲಿ ಏರಿತು, ನಮಗೆ ಪಟ್ಟಣ ಬಂತು. ಬಿತ್ತು, ವ್ಯಾಪಾರ ಹೋಯಿತು. ಅದಿರಿನ ಬೆಲೆ ಚೀನಾದಲ್ಲಿ ಏರಿತು, ಧೂಳು ಬಂತು. ನಿಂತಿತು, ಧೂಳೂ ಹೋಯಿತು. ರೈಲು ಎಲ್ಲಿ ಹೋಗಬೇಕು ಎಂದು ಲಿಸ್ಬನ್, ಲಂಡನ್ ತೀರ್ಮಾನಿಸಿದವು. ನೌಕಾನೆಲೆಯನ್ನು ದೆಹಲಿ ತೀರ್ಮಾನಿಸಿತು. ಈ ಯಾವ ತೀರ್ಮಾನವೂ ಕಾರವಾರದ ಪುರಸಭೆಯ ಮೇಜಿನ ಮೇಲೆ ಬಂದದ್ದಲ್ಲ.

ಊರಿಗೆ ನೇರವಾಗಿ ಉಪಯೋಗಕ್ಕೆ ಬಂದದ್ದು ನನ್ನ ಪ್ರಕಾರ ಒಂದೇ, ಕಾಳಿ ಸೇತುವೆ. ಅದಕ್ಕೂ ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ನದಿ ದಾಟಬೇಕಿದ್ದರೆ ಕಡವಿನ ದೋಣಿ, ಬಾರ್ಜು. ಕೊನೆಯ ದೋಣಿ ತಪ್ಪಿದರೆ ಆಚೆ ದಡದ ನೆಂಟರ ಮನೆಯೇ ಗತಿ. 1980ರ ದಶಕದ ಆರಂಭದಲ್ಲಿ ಸೇತುವೆ ಬಂದ ಮೇಲೆ ಗೋವಾ ಅಂಗಳಕ್ಕೆ ಬಂತು. ಅದೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಸ್ಥಳೀಯ ಮೀನುಗಾರರು, ಪೊಲೀಸರು ಸೇರಿ ಬದುಕಿಸಿದರು. ಪಕ್ಕದಲ್ಲಿ ಹೊಸ ಸೇತುವೆ ಇಲ್ಲದಿದ್ದರೆ ನಾವು ಮತ್ತೆ ಬಾರ್ಜಿನ ಕಾಲಕ್ಕೆ ಹೋಗುತ್ತಿದ್ದೆವು.

ಮಾಜಾಳಿ ಗಡಿ

ಗೋವಾ ಹತ್ತಿರವಾದದ್ದೇ ಕಾರವಾರ ಬೆಳೆಯದಿರಲು ಇನ್ನೊಂದು ಕಾರಣ ಎನ್ನಬಹುದು. ಉದ್ಯೋಗ ಗೋವಾದಲ್ಲಿ, ಖರೀದಿ ಮಡಗಾವಿನಲ್ಲಿ, ತುರ್ತು ಚಿಕಿತ್ಸೆಯೂ ಅಲ್ಲಿಯೇ. ವೈದ್ಯಕೀಯ ಕಾಲೇಜು ಬಂದಿದೆ, ಆದರೂ ದೊಡ್ಡ ಅಪಘಾತವಾದರೆ ಆಂಬುಲೆನ್ಸ್ ಗಡಿ ದಾಟುತ್ತದೆ, ಇಲ್ಲವೇ ಮಂಗಳೂರಿಗೆ ಓಡುತ್ತದೆ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ಎಷ್ಟು ಸಲ ಕೂಗಿದ್ದೇವೆ ಎಂದು ಎಲ್ಲರಿಗೂ ಗೊತ್ತು.

ಪಣಂಬೂರು

ಸರಿ, ಮುಂದೇನು? ಬಂದರು ಅಭಿವೃದ್ಧಿಗೆಂದು ಕೇಂದ್ರ ತಂದ ಸಾಗರಮಾಲಾ ಯೋಜನೆಯಲ್ಲಿ ಕಾರವಾರ ಬಂದರಿನ ಎರಡನೇ ಹಂತಕ್ಕೆ ಹಣ ಬಂದಾಗ ನೀವೇ ತಡೆದಿರಿ. 2020ರ ಜನವರಿಯಲ್ಲಿ ಊರೇ ಬಂದ್. ಪ್ರಕರಣ ಹೈಕೋರ್ಟಿಗೆ ಹೋಗಿ ತಡೆಯಾಜ್ಞೆ ಬಂತು. ಬೆಳೆಯಲಿಲ್ಲ ಎಂದು ಕೊರಗುವುದು, ಬೆಳೆಸಲು ಬಂದರೆ ಅಡ್ಡ ಮಲಗುವುದು. ಎರಡೂ ಒಟ್ಟಿಗೆ ಹೇಗೆ?

ಬೈತಖೋಲ

ಅಡ್ಡ ಮಲಗಿದವರಲ್ಲಿ ನಾನೂ ಒಬ್ಬ, ಹಾಗಾಗಿ ಉತ್ತರ ನಾನೇ ಕೊಡುತ್ತೇನೆ. ತೀರದ ದಕ್ಷಿಣಕ್ಕೆ ನೌಕಾನೆಲೆ, ಅಲ್ಲಿ ಬಲೆ ಹಾಕುವಂತಿಲ್ಲ. ಉತ್ತರಕ್ಕೆ ಕಾಳಿಯ ಅಳಿವೆ, ಅಲ್ಲಿ ಹೂಳು. ನಡುವೆ ಉಳಿದ ಒಂದೇ ಮರಳ ದಂಡೆ ಠಾಗೋರ್ ತೀರ. ಹೊಸ ಅಲೆ ತಡೆಗೋಡೆ ಬರಬೇಕಿದ್ದದ್ದು ಸರಿಯಾಗಿ ಅದರ ಬುಡದಲ್ಲಿ. ಇಲ್ಲಿ ಕಲ್ಲು ಹಾಕಿದರೆ ಅಲೆಯ ದಿಕ್ಕು ಬದಲಾಗಿ ಮರಳು ಬೇರೆಡೆ ಕೊಚ್ಚಿಹೋಗುತ್ತದೆ ಎಂದು ಹೇಳಲು ನಮಗೆ ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಎಷ್ಟು ಹಡಗು ಬರುತ್ತದೆ, ಏನು ಸರಕು ಬರುತ್ತದೆ, ಅದಕ್ಕೆ ರೈಲು ಎಲ್ಲಿದೆ ಎಂದು ನಾವು ಕೇಳಿದೆವು. ಉತ್ತರ ಬಂದಿದ್ದರೆ ಮಾತು ಬೇರೆ ಇತ್ತು.

ಹಳೆ ನಕ್ಷೆ

ಅದೇ ಪ್ರಶ್ನೆಯನ್ನು 1862ರಲ್ಲಿ ಕೇಳಿದ್ದರೆ ಹತ್ತಿ ಕಂಪನಿಯೂ ನಿರುತ್ತರವಾಗುತ್ತಿತ್ತು. ಈಗ ಅಂಕೋಲಾದ ಕೇಣಿಯಲ್ಲಿ ಹೊಸದೊಂದು ಖಾಸಗಿ ಬಂದರಿನ ಮಾತು ನಡೆದಿದೆ, ಅಲ್ಲಿಯೂ ಮೀನುಗಾರರು ಬೀದಿಗಿಳಿದಿದ್ದಾರೆ. ಕೇಣಿಯದ್ದು ಬಯಲು ಕಡಲು. ಅಲ್ಲಿಗೆ ಹುಬ್ಬಳ್ಳಿ–ಅಂಕೋಲಾ ರೈಲು ಬಂದರೆ, 35 ಕಿಲೋಮೀಟರ್ ಉತ್ತರಕ್ಕಿರುವ ಕಾರವಾರ ಬಂದರಿಗೆ ಮರ್ಮಗೋವಾ ಮಾಡಿದ್ದನ್ನೇ ಕೇಣಿ ಮಾಡುತ್ತದೆ. ಬಾರದಿದ್ದರೆ ಎರಡೂ ಬಂದರುಗಳು ಒಂದೇ ಘಟ್ಟದ ರಸ್ತೆಗೆ ಜೋತುಬೀಳುತ್ತವೆ. ಬಂದರಿನ ನಕ್ಷೆ ಬಿಡಿಸುವವರು ಯಾವಾಗಲೂ ನೀರಿನ ಕಡೆ ಮುಖ ಮಾಡಿ ಕೂರುತ್ತಾರೆ, ಬೆನ್ನ ಹಿಂದಿನ ಗುಡ್ಡ ಅವರಿಗೆ ಕಾಣುವುದೇ ಇಲ್ಲ.

ಘಟ್ಟದ ಮೇಲಿನವ

ಹಾಗಾದರೆ ಅಂಕೋಲಾ ರೈಲು ಬೇಕೋ ಬೇಡವೋ? ನಮ್ಮ ಹುಬ್ಬಳ್ಳಿಯಲ್ಲಿ ಎಲ್ಲರೂ ಬೇಕು ಎನ್ನುತ್ತಾರೆ.

ಕಾಳಿ ಅಳಿವೆ

ಇಲ್ಲಿ ಒಂದೇ ಮನೆಯಲ್ಲಿ ಎರಡು ಉತ್ತರ ಸಿಗುತ್ತದೆ. ಹಿರಿಯರಿಗೆ ಆಸ್ಪತ್ರೆಗೂ ಮಕ್ಕಳಿಗೆ ಕಾಲೇಜಿಗೂ ಹುಬ್ಬಳ್ಳಿ ಹತ್ತಿರವಾಗಲಿ ಎಂಬ ಆಸೆ. ಆದರೆ ಅಷ್ಟು ಕಾಡು ಕಡಿದು, ಘಟ್ಟದ ಮಣ್ಣು ಸಡಿಲಿಸಿ ಹಳಿ ಹಾಕುವುದು ಎಂದರೆ ಮಳೆಗಾಲದಲ್ಲಿ ನಿದ್ದೆ ಬಾರದವರು ಈಗಲೇ ಬೇಕಾದಷ್ಟಿದ್ದಾರೆ. ಪ್ರಯಾಣಿಕರಿಗಾಗಿ ರೈಲು ಎಂದು ಯಾರಾದರೂ ಹೇಳಿದರೆ ನಾನು ಬೇಕು ಎನ್ನುತ್ತೇನೆ. ಅದಿರಿಗಾಗಿ ಎಂದರೆ, ಹಳಿಯ ಖರ್ಚು ಯಾರದ್ದು, ಧೂಳು ಯಾರದ್ದು ಎಂದು ಮೊದಲು ಬರೆದು ಕೊಡಲಿ.

ಪಣಂಬೂರು

ಪ್ರಯಾಣಿಕರ ಟಿಕೆಟ್ಟಿನಿಂದ ಘಟ್ಟದ ರೈಲಿನ ಖರ್ಚು ಹುಟ್ಟುವುದಿಲ್ಲ ಸ್ವಾಮಿ. ಸರಕು ಇಲ್ಲದೆ ಆ ಹಳಿ ಬರುವುದಿಲ್ಲ.

ಬೈತಖೋಲ

ಹಾಗಾದರೆ ಬರುವಾಗ ನಮ್ಮ ಮೀನು ಹೊರುವ ಎರಡು ಶೀತಲ ಬೋಗಿಯನ್ನೂ ಸರಕಿನ ಲೆಕ್ಕದಲ್ಲಿ ಸೇರಿಸಿಕೊಳ್ಳಿ.